ಗಾಳಿ ಆಡುವ ಕ್ಲಾಸು

ನಮ್ಮ ಮನೆಯವರು ರೇಷ್ಮೆ ಹುಳುಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ, ನನ್ನನ್ನು ಏಕವಚನದಲ್ಲಿ. "ಎದ್ರಾ? ಸೊಪ್ಪು ತಿಂದ್ರಾ?" ಎಂದು ಮೆತ್ತಗೆ ಕೇಳಿದರೆ ಅದು ಹುಳುಗಳಿಗೆ. "ಏಯ್, ಎಲ್ಲೋದೆ?" ಎಂದರೆ ಅದು ನನಗೆ. ಮದುವೆಯಾದ ಹೊಸದರಲ್ಲಿ ಒಂದು ಬೆಳಗ್ಗೆ "ಎದ್ರಾ?" ಎಂಬ ಮಾತು ಕಿವಿಗೆ ಬಿತ್ತು. ಅಬ್ಬ, ಎಂಥ ಮರ್ಯಾದಸ್ಥರ ಮನೆ ಸೇರಿದೆ ಎಂದು ನಾಚಿಕೊಂಡು "ಎದ್ದಿದ್ದೀನಿ" ಎಂದುಬಿಟ್ಟೆ. "ನಿನ್ನ ಯಾರ್ ಕೇಳಿದ್ರು?" ಎಂದರು. ನಮ್ಮ ಸಂಸಾರ ಶುರುವಾದದ್ದು ಹೀಗೆ.

ಅವರ ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿ ನಮ್ಮ ಕಡೆ ಇಲ್ಲ. ಬರೆದರೆ ಪರವಾಗಿಲ್ಲವೇನೋ ಎಂದು ಮೊಮ್ಮಗಳು ಮಂಜುಳನನ್ನು ಕೇಳಿದೆ. "ಬರಿ ಅಜ್ಜಿ, ಬರೆದ್ರೆ ಏನಾಗ್ತದೆ?" ಎಂದಳು. ಏನೂ ಆಗದಿರಬಹುದು. ಆದರೂ ಯಾಕೆ ಬೇಕು! ಪೆನ್ನು ಹಿಡಿದು ಕೂರುವುದು ನನ್ನ ಕೆಲಸವೇ ಅಲ್ಲ. ಆದರೆ ನಿನ್ನೆಯಿಂದ ನನ್ನ ಖುಷಿ ಹೇಗಿದೆ ಎಂದರೆ, ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿ, ಹಾಲಿನ ಡೇರಿಯಲ್ಲಿ ಸಾಲು ನಿಂತವರಿಗೆ ಹೇಳಿ, ಕೊನೆಗೆ ಹಸುವಿಗೂ ಹೇಳಿ ಆಗಿದೆ. ಇನ್ನು ಉಳಿದವರು ನೀವೇ.

ನಮ್ಮದು ಕೈಲಾಂಚದ ಕಡೆಯ ಒಂದು ಹಳ್ಳಿ. ಇರುವುದು ತುಂಡು ಜಮೀನು, ಅದರ ತುಂಬ ಹಿಪ್ಪುನೇರಳೆ. ಮನೆಯಲ್ಲಿ ಅರ್ಧ ನಮಗೆ, ಅರ್ಧ ಹುಳುಗಳಿಗೆ. ಗಾಳಿ ಬೆಳಕು ಚೆನ್ನಾಗಿರುವ ಅರ್ಧ ಯಾರದು ಎಂದು ಬೇರೆ ಹೇಳಬೇಕೆ? ಒಂದು ಸಲ ಹುಳು ಕೈಕೊಟ್ಟರೆ, ಮುಂದಿನ ಗೂಡು ಮಾರುವ ತನಕ ನಮ್ಮ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಿತ್ತು. ಹಾಗಾಗಿ ನಮ್ಮವರು ಹುಳದ ಮನೆಗೆ ಕಾನೂನು ಮಾಡಿದ್ದರು. ಊದುಕಡ್ಡಿ ಹಚ್ಚಬಾರದು. ಬೀಡಿ ಸೇದಿದವರು ಬಾಗಿಲ ಹತ್ತಿರ ಸುಳಿಯಬಾರದು. ತಲೆಗೆ ವಾಸನೆ ಎಣ್ಣೆ ಹಾಕಿದವರು ಬೀದಿಯಲ್ಲೇ ನಿಲ್ಲಬೇಕು. ಒಳಗೆ ಬರುವವರು ಕಾಲು ತೊಳೆದು, ಹೊಸಿಲ ಮುಂದೆ ಹರಡಿದ ಸುಣ್ಣದ ಪುಡಿಯನ್ನು ತುಳಿದೇ ಬರಬೇಕು. ನನ್ನ ತಮ್ಮ ಒಂದು ಸಲ ಸೆಂಟು ಹಾಕಿಕೊಂಡು ಬಂದಿದ್ದ. ಅವನು ನಮ್ಮ ಮನೆಯ ಊಟ ಮಾಡಿದ್ದು ಹಳ್ಳಿಕಟ್ಟೆಯ ಮೇಲೆ ಕೂತು.

ಮಗನಿಗೆ ಹೆಣ್ಣು ನೋಡಲು ಬೈರಾಪಟ್ಟಣಕ್ಕೆ ಹೋಗಿದ್ದೆವು. ಎಲ್ಲರೂ ಹುಡುಗಿಗೆ ಅಡಿಗೆ ಬರುತ್ತದಾ, ಹಾಡು ಬರುತ್ತದಾ ಎಂದು ಕೇಳುತ್ತಾರಲ್ಲವೇ? ನಮ್ಮವರು ಉಪ್ಪಿಟ್ಟು ತಿಂದು ಮುಗಿಸಿ ಒಂದೇ ಒಂದು ಪ್ರಶ್ನೆ ಕೇಳಿದರು.

"ಮಗೀನ ಅಂಗೈ ತಣ್ಣಗೈತಾ, ಬಿಸಿ ಐತಾ?"

ಹುಡುಗಿಯ ಅಪ್ಪ ಗಾಬರಿಯಾದರು. "ಯಾಕ್ ಗೌಡ್ರೇ?"

"ಬಿಸಿ ಕೈ ಹುಳೀಗೆ ಆಗಕ್ಕಿಲ್ಲ."

ನಾನೇ ಎದ್ದು ಹೋಗಿ ಮುಟ್ಟಿ ನೋಡಿದೆ. ಬಾವಿಯ ನೀರಿನ ಹಾಗೆ ತಣ್ಣಗಿತ್ತು. ಅಲ್ಲಿಗೆ ಸಂಬಂಧ ಕೂಡಿತು. ಮದುವೆಯಾಗಿ ಮನೆಗೆ ಬಂದ ಮೇಲೆ ನೋಡಿದರೆ ಸೊಸೆಯದು ಕೆಂಡದಂಥ ಕೈ! ಅವತ್ತು ಇವರ ಮುಖ ನೋಡಿ ಹೆದರಿ ತಣ್ಣಗಾಗಿತ್ತಂತೆ.

ಆ ಸೊಸೆಯ ಮಗಳೇ ಮಂಜುಳ. ಅವಳು ಹತ್ತನೇ ಕ್ಲಾಸು ಪಾಸು ಮಾಡಿದಾಗ, ಬಿಡದಿಯ ಆಚೆಯ ಹೊಲಗಳಲ್ಲಿ ರಾಗಿಯ ಬದಲು ತಗಡಿನ ಶೆಡ್ಡುಗಳು ಮೊಳೆಯುತ್ತಿದ್ದವು. ಊರಿನವರೆಲ್ಲ ಫ್ಯಾಕ್ಟರಿ, ಫ್ಯಾಕ್ಟರಿ ಎನ್ನುತ್ತಿದ್ದರು. ಆದರೆ ಕೈಯಲ್ಲಿ ಕಸುಬಿಲ್ಲದೆ ಹೋದವರಿಗೆ ಸಿಗುತ್ತಿದ್ದದ್ದು ಗೇಟಿನ ಪಕ್ಕದ ಹುಲ್ಲು ಕೀಳುವ ಕೆಲಸ. ಅದನ್ನು ನಾವು ಊರಿನಲ್ಲೇ ಮಾಡುತ್ತಿದ್ದೆವಲ್ಲ! ರಾಮನಗರದಲ್ಲಿ ಹಳ್ಳಿ ಮಕ್ಕಳಿಗೆ ಪುಕ್ಕಟೆಯಾಗಿ ಒಂದು ವರ್ಷ ಕಸುಬು ಕಲಿಸುವ ಕೇಂದ್ರ ಇದೆ ಎಂದು ಅವಳ ಸ್ಕೂಲಿನ ಮೇಷ್ಟ್ರು ಹೇಳಿದ್ದರು. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಮೋಟಾರ್ ವೈಂಡಿಂಗು. ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ಹಳೆ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಓಡುವ ಹಾಗೆ ಮಾಡುವುದಕ್ಕೆ ಹಾಗೆನ್ನುತ್ತಾರೆ. ಮಂಜುಳ ಹೋಗುತ್ತೇನೆ ಎಂದಳು. ಅವಳ ಅಪ್ಪ, ಅಂದರೆ ನನ್ನ ಮಗ, ಬೇಡ ಎಂದ.

"ಹತ್ನೇದು ಆಯ್ತಲ್ಲ, ಸಾಕು. ಸೊಪ್ಪು ಕುಯ್ಯಕ್ಕೆ ಕೈ ಬ್ಯಾಡ್ವಾ?"

ಅವಳು ಜಗಳ ಆಡಲಿಲ್ಲ. ಕೂತು ಸೊಪ್ಪು ಹೆಚ್ಚತೊಡಗಿದಳು. ಹೆಚ್ಚುವ ಸದ್ದಿಗೆ ಪಕ್ಕದ ಮನೆಯವರು ಬಂದು ಏನಾಯಿತು ಎಂದು ಕೇಳಿದರು. ಈ ಹುಡುಗಿಗೆ ಒಂದು ಕಸುಬು ಬಂದರೆ ನಮ್ಮ ಮನೆ ಹುಳುಗಳ ಮರ್ಜಿಯಿಂದ ಈಚೆಗೆ ಬರುತ್ತದೆ. ಬರದಿದ್ದರೆ ಅವಳೂ ಇನ್ನೊಂದು ಮನೆಗೆ ಹೋಗಿ, ಇನ್ನಷ್ಟು ಹುಳುಗಳಿಗೆ ಸೊಪ್ಪು ಹೆಚ್ಚುತ್ತಾಳೆ. ಇದು ನನಗೆ ಗೊತ್ತು, ಅವಳಿಗೂ ಗೊತ್ತು. ನಮ್ಮ ಮನೆಯವರಿಗೆ ಗೊತ್ತೋ ಇಲ್ಲವೋ, ಯಾರಿಗೆ ಗೊತ್ತು! ಅವರು ಹೆಚ್ಚಿದ ಸೊಪ್ಪನ್ನು ಬೆರಳಲ್ಲಿ ಎತ್ತಿ ನೋಡಿ, "ಇಷ್ಟು ಸಣ್ಣಕೆ ಹೆಚ್ಚುದ್ರೆ ಒಣಗೋಯ್ತದೆ ಕಣವ್ವ" ಎಂದರು. ಆಮೇಲೆ, "ನಾಳೆ ನಡಿ, ಆ ಜಾಗ ಎಂಗೈತೆ ನೋಡ್ಕಂಡ್ ಬರಾಣ" ಎಂದರು.

ಜಾಗ ನೋಡುವುದು ಎಂದರೆ ನಿಮ್ಮ ನಮ್ಮ ಹಾಗೆ ನೋಡುವುದಲ್ಲ. ಕೇಂದ್ರಕ್ಕೆ ಹೋದವರು ಮೊದಲು ಹೊಲಿಗೆ ಕ್ಲಾಸಿನ ಬಾಗಿಲಲ್ಲಿ ನಿಂತು ಗಾಳಿ ಮೂಸಿದರಂತೆ. ಆಮೇಲೆ ಗೋಡೆ ಮುಟ್ಟಿದರಂತೆ. ಸೂರು ನೋಡಿದರಂತೆ. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದಕ್ಕೂ ಬೀರು ಅಡ್ಡ ಇಟ್ಟಿದ್ದರು.

"ಇಲ್ಲಿ ಬ್ಯಾಡ" ಎಂದರು ನಮ್ಮವರು. "ಗಾಳಿ ಆಡಕ್ಕಿಲ್ಲ. ಇಲ್ಲಿ ಸಾಕಿದ್ರೆ ಸಪ್ಪೆರೋಗ ಗ್ಯಾರಂಟಿ."

ಸಪ್ಪೆರೋಗ ಹುಳುಗಳಿಗೆ ಬರುವ ಕಾಯಿಲೆ. ಅಲ್ಲಿನ ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ, ಪಾಪ. ಹುಡುಗಿಗೆ ಏನೋ ಕಾಯಿಲೆ ಎಂದುಕೊಂಡು ಕುರ್ಚಿ ಕೊಟ್ಟರಂತೆ. ನಮ್ಮವರು ಪಕ್ಕದ ಕೋಣೆಗೆ ಹೋದರು. ಎರಡೂ ಕಡೆ ಎದುರುಬದುರಾಗಿ ದೊಡ್ಡ ಕಿಟಕಿ. ಎತ್ತರದ ಸೂರು. ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೋಗುತ್ತಿತ್ತು. ನಮ್ಮವರ ಮುಖ ಅರಳಿತು.

"ಇಲ್ಲಿ ಸೇರಿಸ್ಕೊಳಿ ಸಾರ್."

"ಯಜಮಾನ್ರೇ, ಇದು ಮೋಟಾರ್ ವೈಂಡಿಂಗ್. ಹುಡುಗರ ಕ್ಲಾಸು."

"ಯಾಕೆ, ಗಾಳಿ ಹುಡುಗ್ರಿಗೆ ಮಾತ್ರ ಬೀಸ್ತದಾ?"

ಹುಡುಗಿಯರನ್ನು ಸೇರಿಸಿಕೊಳ್ಳಬಾರದು ಎಂದು ಎಲ್ಲೂ ಬರೆದಿರಲಿಲ್ಲವಂತೆ. ಯಾರೂ ಬರುತ್ತಾರೆ ಎಂದುಕೊಂಡಿರಲಿಲ್ಲ, ಅದಕ್ಕೆ ಬರೆದಿರಲಿಲ್ಲ. ಮೇಷ್ಟ್ರು ಮಂಜುಳನ ಕಡೆ ತಿರುಗಿ, "ನಿಂಗೇನಮ್ಮ ಇಷ್ಟ?" ಎಂದರು. ಅವಳು ಆಗಲೇ ಒಂದು ಬಿಚ್ಚಿದ ಮೋಟಾರಿನೊಳಗೆ ತಲೆ ಹಾಕಿ ನೋಡುತ್ತಿದ್ದಳಂತೆ. "ಇದೇ ಸಾರ್" ಎಂದಳು, ತಲೆ ಈಚೆಗೆ ತೆಗೆಯದೆ. ಹೀಗೆ ನನ್ನ ಮೊಮ್ಮಗಳ ಹಣೆಬರಹ ತೀರ್ಮಾನವಾದದ್ದು ಎರಡು ಕಿಟಕಿಗಳಿಂದ.

ಮನೆಯಲ್ಲಿ ರಂಪವಾಯಿತು. "ಕರೆಂಟ್ ಕೆಲ್ಸವಾ!" ಎಂದು ಸೊಸೆ ಅತ್ತಳು. ಮಗ ಬೈಯಲು ಬಾಯಿ ತೆರೆದವನು ಮುಚ್ಚಲಿಲ್ಲ. ಕೊನೆಗೆ ಅಪ್ಪನ ಮುಂದೆ ಬಂದು ನಿಂತು ಹೇಳಿದ: "ನೀನೇ ಸೇರಿಸ್ದೆ, ನೀನೇ ದಿನಾ ಕರ್ಕಂಡೋಗಿ ಕರ್ಕಂಬಾ. ಸಂಜೆಗಂಟ ಅಲ್ಲೇ ಇರು. ಒಬ್ಳನ್ನೇ ಬುಡಕ್ಕಿಲ್ಲ. ನೀನು ಒಂದಿನ ಓಗ್ಲಿಲ್ಲಾಂದ್ರೆ ಅವತ್ಗೇ ಮುಗೀತು, ಅವ್ಳು ಸೊಪ್ಪು ಕುಯ್ಯಕ್ಕೆ ಬರ್ಬೇಕು."

ಮಗ ಜಾಣ. ಅಪ್ಪ ಹುಳುಗಳನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸ್ವಂತ ಅಕ್ಕನ ಮಗಳ ಮದುವೆಗೆ ಹೋಗಿ, ಧಾರೆಗೆ ಮುಂಚೆಯೇ ಎದ್ದು ಬಂದ ಮನುಷ್ಯ ಅವರು. "ಮನೇಲಿ ಜ್ವರಕ್ಕೆ ಕೂತವ್ರೆ" ಎಂದು ಹೇಳಿ ಬಂದಿದ್ದರಂತೆ. ಹುಳುಗಳು ಪೊರೆ ಬಿಡುವ ಮೊದಲು ಊಟ ಬಿಟ್ಟು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಮದುವೆ ಮನೆಯವರಿಗೆ ಅದು ಗೊತ್ತಿಲ್ಲದೆ ನನಗೇ ಜ್ವರ ಎಂದುಕೊಂಡು, ಮಾರನೇ ದಿನ ಮೋಸಂಬಿ ತೆಗೆದುಕೊಂಡು ನೋಡಲು ಬಂದರು. ಅಂಥವರು ಮಗನ ಮಾತು ಕೇಳಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಆಯ್ತು" ಎಂದರು.

ಹುಳುಗಳನ್ನು ನನಗೆ ಒಪ್ಪಿಸಿದರು. ಮಗಳನ್ನು ಗಂಡನ ಮನೆಗೆ ಕಳಿಸುವವರು ಸಹ ಅಷ್ಟು ಬುದ್ಧಿಮಾತು ಹೇಳುವುದಿಲ್ಲ.

ಹೀಗೆ ಶುರುವಾಯಿತು ಅವರ ವಿದ್ಯಾಭ್ಯಾಸ. ಬೆಳಗಿನ ಬಸ್ಸಿಗೆ ಮೊಮ್ಮಗಳ ಜೊತೆ ಹೋಗಿ, ಕ್ಲಾಸಿನ ಬಾಗಿಲಲ್ಲಿ ಗೋಣಿಚೀಲ ಹಾಸಿಕೊಂಡು ಕೂತರೆ ಏಳುತ್ತಿದ್ದದ್ದು ಸಂಜೆಗೆ. ಸುಮ್ಮನೆ ಕೂರುವ ಜಾತಿಯೇ ಅದು? ಎರಡನೇ ವಾರಕ್ಕೆ ಬಾಗಿಲ ಮುಂದೆ ಸುಣ್ಣದ ಪುಡಿ ಹರಡಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟರು. "ಕಾಲ್ ತೊಳ್ಕಂಡು ಹೋಗ್ರಪ್ಪ!" ಹುಡುಗರು ನಕ್ಕರು. ನಕ್ಕವರೂ ತೊಳೆದರು, ಯಾಕೆಂದರೆ ತೊಳೆಯುವ ತನಕ ಇವರು ಕಾಲು ಚಾಚಿ ಬಾಗಿಲಿಗೆ ಅಡ್ಡ ಕೂತಿರುತ್ತಿದ್ದರು. ಮೇಷ್ಟ್ರಿಗೆ ಪಾಠದ ನಡುವೆ ಸಿಗರೇಟು ಸೇದುವ ಅಭ್ಯಾಸ ಇತ್ತಂತೆ. ಮೊದಲು ಕಾಂಪೌಂಡಿನ ಆಚೆ ಹೋಗಿ ಸೇದಿ ಬರುತ್ತಿದ್ದರು. ವಾಪಸು ಬಂದಾಗ ಇವರು ಬಾಯಿ ಮೂಸಿ, "ಇನ್ನೊಂದ್ ಗಳಿಗೆ ಗಾಳೀಲಿ ನಿಂತ್ಕೊಂಡ್ ಬನ್ನಿ ಸಾರ್" ಎನ್ನುತ್ತಿದ್ದರು. ಮೇಷ್ಟ್ರು ಬೇಸತ್ತು ಸಿಗರೇಟನ್ನೇ ಬಿಟ್ಟರು. ಅವರ ಹೆಂಡತಿ ನಮ್ಮ ಮನೆಯವರಿಗೆ ಒಂದು ಡಬ್ಬಿ ಕೋಡುಬಳೆ ಮಾಡಿ ಕಳಿಸಿದ್ದರು.

ಒಂದು ದಿನ ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಕೇಂದ್ರ ನೋಡಲು ಬಂದರು. ಹಾರ ತುರಾಯಿ ಎಲ್ಲ ಆಯಿತು. ಕ್ಲಾಸಿನ ಬಾಗಿಲಿಗೆ ಬಂದರೆ ಇವರು ಕಾಲು ಚಾಚಿದ್ದಾರೆ!

"ಸ್ವಾಮೇರು ಬೂಟ್ಸ್ ಬಿಚ್ಚಿ, ಕಾಲ್ ತೊಳ್ಕಂಡ್ ಬರ್ಬೇಕು."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರಂತೆ. ಅಧಿಕಾರಿ ಒಂದು ಕ್ಷಣ ನಿಂತು, ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ಕಾಲು ತೊಳೆದು, ಸುಣ್ಣ ತುಳಿದು ಒಳಗೆ ಹೋದರು. ಹೋಗುವಾಗ, ಇಷ್ಟು ಶಿಸ್ತಿನ ಕೇಂದ್ರವನ್ನು ತಾನು ಎಲ್ಲೂ ನೋಡಿಲ್ಲ ಎಂದು ಎಲ್ಲರ ಮುಂದೆ ಹೊಗಳಿದರಂತೆ. ನೆಲದ ಮೇಲೆಲ್ಲ ಅವರ ಬಿಳಿ ಹೆಜ್ಜೆ.

ಮಧ್ಯಾಹ್ನ ರೀಲರ್ ಸಾಬರು ಚಾ ಕಳಿಸುತ್ತಿದ್ದರು, ಒಮ್ಮೊಮ್ಮೆ ಅವರೇ ತರುತ್ತಿದ್ದರು. ನಮ್ಮ ಗೂಡನ್ನು ಮಾರ್ಕೆಟ್ಟಿನಲ್ಲಿ ಎಷ್ಟೋ ಸಲ ಕೊಂಡವರು ಅವರು, ನೂಲು ಬಿಚ್ಚುವ ಮನೆ ಅಲ್ಲೇ ಹಿಂದಿನ ಬೀದಿಯಲ್ಲಿ.

"ಏನ್ ಗೌಡ್ರೇ, ಹುಳು ಬುಟ್ಟು ಮೋಟ್ರು ಮೇಯಿಸ್ತಾ ಇದೀರಾ?"

"ಇವೇ ವಾಸಿ ಸಾಬ್ರೇ. ಸೊಪ್ಪು ಕೇಳಕ್ಕಿಲ್ಲ."

"ಗೂಡು ಕಟ್ತವಾ?"

"ಕಟ್ಟೋದು ನಮ್ ಹುಡ್ಗಿ. ನೀವು ನೂಲು ಬಿಚ್ತೀರಿ, ಅವ್ಳು ಸುತ್ತುತಾಳೆ. ಅಷ್ಟೇ ವೆತ್ಯಾಸ."

ಈ ಕಡೆ ಮನೆಯಲ್ಲಿ ಏನಾಯಿತು ಕೇಳಿ. ಸುತ್ತಿದ ತಂತಿಗೆ ವಾರ್ನಿಶ್ ಹಾಕಿ ಒಣಗಿಸುತ್ತಾರೆ. ಅದರ ವಾಸನೆ ಏನು ಕಡಿಮೆಯೇ? ದಿನವಿಡೀ ಬಾಗಿಲಲ್ಲಿ ಕೂತ ಇವರ ಪಂಚೆ, ಟವೆಲು, ಮೀಸೆ ಎಲ್ಲಕ್ಕೂ ಅದೇ ವಾಸನೆ. ಒಂದು ಸಂಜೆ ಬಸ್ಸಿಳಿದವರೇ "ಎಂಗವ್ರೆ?" ಎನ್ನುತ್ತ ನೇರವಾಗಿ ಹುಳದ ಮನೆಗೆ ನುಗ್ಗಿದರು. ನಾನು ಬಾಗಿಲಿಗೆ ಕೈ ಅಡ್ಡ ಹಿಡಿದೆ.

"ನಿಲ್ಲಿ ಅಲ್ಲೇ! ಸ್ನಾನ ಮಾಡ್ಕಂಡ್ ಬನ್ನಿ."

"ನಾನಾ?"

"ವಾಸ್ನೆ. ಹುಳೀಗೆ ಆಗಕ್ಕಿಲ್ಲ."

ಮದುವೆಯಾದಾಗಿನಿಂದ ಕಾದಿದ್ದ ದಿನ ಅದು! ತಣ್ಣೀರು ಸುರಿದುಕೊಂಡು ನಡುಗುತ್ತ ಬಂದರು. ನಾನು ಇನ್ನೊಂದು ಸಲ ಮೂಸಿ ನೋಡಿ, ಮೀಸೆಗೆ ಇನ್ನೊಂದು ಸಲ ಸೋಪು ಹಾಕಿ ಎಂದು ವಾಪಸು ಕಳಿಸಿದೆ.

ಹೀಗೆ ವರ್ಷ ಕಳೆಯಿತು. ಮಳೆ, ಬಸ್ ಮುಷ್ಕರ, ಕಾಲಿಗೆ ಮುಳ್ಳು, ಯಾವುದಕ್ಕೂ ತಪ್ಪಿಸಲಿಲ್ಲ. ಮಗ ಕಾಯುತ್ತಲೇ ಇದ್ದ. ಕೊನೆಗೆ ಅವನು ಕಾಯುತ್ತಿದ್ದ ದಿನ ಬಂತು. ಕಡೆಯ ಪರೀಕ್ಷೆಯ ಬೆಳಗ್ಗೆ ಹುಳುಗಳು ಹಣ್ಣಾದವು.

ಹಣ್ಣಾಗುವುದು ಎಂದರೆ ಹುಳು ಸೊಪ್ಪು ಬಿಟ್ಟು, ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆರಿಸಿ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಂಕಿಗೆ ಬಿಡಬೇಕು. ತಡವಾದರೆ ಹಾಸಿದ ಸೊಪ್ಪಿನಲ್ಲೇ, ಕಸದಲ್ಲೇ ಕಟ್ಟಿ ಹಾಳಾಗುತ್ತವೆ. ಆ ದಿನ ನಮ್ಮ ಕಡೆ ಸತ್ತವರ ಮನೆಗೂ ಯಾರೂ ಹೋಗುವುದಿಲ್ಲ. ಅಷ್ಟು ದಿನದ ದುಡಿಮೆಯೆಲ್ಲ ಆ ಒಂದು ದಿನದ ಕೈಯಲ್ಲಿ.

ಮಗ ಬಾಗಿಲಲ್ಲಿ ನಿಂತ. "ಇವತ್ತು ಯಾರೂ ಎಲ್ಗೂ ಓಗಂಗಿಲ್ಲ" ಎಂದ. ಅವನ ಮಾತು ತಪ್ಪೂ ಅಲ್ಲ. ಅವನ ಹಿಂದೆ ತಟ್ಟೆಗಳ ತುಂಬ ಹುಳುಗಳು ತಲೆ ಎತ್ತಿ ಆಡಿಸುತ್ತಿದ್ದವು. ಮಂಜುಳ ಯೂನಿಫಾರಂ ಹಾಕಿ ಚೀಲ ಹಿಡಿದು ನಿಂತಿದ್ದಳು. ಅವಳು ತಾತನ ಮುಖ ನೋಡಲಿಲ್ಲ. ನೋಡುವ ಧೈರ್ಯ ಯಾರಿಗಿತ್ತು? ಚೀಲವನ್ನು ಗೂಟಕ್ಕೆ ನೇತುಹಾಕಿ, ಹುಳು ಆರಿಸಲು ಕೂತಳು.

ನಮ್ಮವರು ಒಳಗೆ ಹೋಗಿ ತಟ್ಟೆಗಳ ಮುಂದೆ ನಿಂತರು. ಒಂದು ಹುಳುವನ್ನು ಎತ್ತಿ ಬೆಳಕಿಗೆ ಹಿಡಿದರು, ಚಂದ್ರಂಕಿಗೆ ಬಿಟ್ಟರು. ಇನ್ನೊಂದನ್ನು ಎತ್ತಿ, ಅದನ್ನೂ ಬಿಟ್ಟರು. ಆಮೇಲೆ ಈಚೆಗೆ ಬಂದು ಗೂಟದಿಂದ ಚೀಲ ತೆಗೆದು ಅವಳ ಹೆಗಲಿಗೆ ಹಾಕಿದರು.

"ಅಪ್ಪ, ಬೆಳೆ ಓಯ್ತದೆ!" ಎಂದ ಮಗ.

"ಈ ಬೆಳೆ ಓದ್ರೆ ಇನ್ನೊಂದ್ ಬತ್ತದೆ ಕಣ್ಲಾ. ಬಸ್ಸು ಬರಕ್ಕಿಲ್ಲ. ದಾರಿ ಬುಡು."

ಮಗ ದಾರಿ ಬಿಟ್ಟ. ಅವನು ಹುಟ್ಟಿದ ದಿನವೂ ಹುಳು ಹಣ್ಣಾಗಿದ್ದವು. ಅಪ್ಪ ಅವನ ಮುಖ ನೋಡಿದ್ದು ಮೂರನೇ ದಿನ. ಅದು ಅವನಿಗೂ ಗೊತ್ತು.

ಪರೀಕ್ಷೆಯಲ್ಲಿ ಒಂದು ಸುಟ್ಟ ಮೋಟಾರು ಕೊಟ್ಟು, ಸುತ್ತಿ ಓಡಿಸಿ ತೋರಿಸು ಎಂದರಂತೆ. ಮಂಜುಳ ಸುತ್ತಿ, ಜೋಡಿಸಿ, ಸ್ವಿಚ್ಚು ಒತ್ತಿದಳು. ಮೋಟಾರು ಗುಂಯ್ ಎಂದಿತು, ತಿರುಗಲಿಲ್ಲ. ಬಾಗಿಲಲ್ಲಿ ಕೂತ ತಾತ ಟವೆಲಿನಿಂದ ಮುಖ ಮುಚ್ಚಿಕೊಂಡರು. ಅವಳು ಬಿಚ್ಚಿದಳು, ಒಂದು ಸುತ್ತಿನ ತುದಿ ಉಲ್ಟಾ ಸೇರಿದ್ದನ್ನು ಕಂಡುಹಿಡಿದು ಸರಿ ಮಾಡಿ, ಮತ್ತೆ ಒತ್ತಿದಳು. ಈ ಸಲ ಸದ್ದೇ ಇಲ್ಲ. ತಾತ ಟವೆಲಿನ ಒಳಗಿನಿಂದಲೇ ಕೇಳಿದರಂತೆ, "ಸತ್ತೋಯ್ತಾ?"

ಮೇಷ್ಟ್ರು, "ಯಜಮಾನ್ರೇ, ಚೆನ್ನಾಗಿ ತಿರುಗೋ ಮೋಟ್ರು ಸದ್ದು ಮಾಡಲ್ಲ. ಟವೆಲ್ ತೆಗೀರಿ" ಎಂದರು.

ಇಲ್ಲಿ ನಾನು, ಮಗ, ಸೊಸೆ ಮೂವರೇ ಇಡೀ ದಿನ ಆರಿಸಿದೆವು. ಸೊಸೆಯ ಬಿಸಿ ಕೈಗೂ ಹುಳುಗಳು ಏನೂ ಅನ್ನಲಿಲ್ಲ. ಆದರೂ ಎಷ್ಟೋ ಹುಳುಗಳು ಕಾಯದೆ ಎಲ್ಲೆಂದರಲ್ಲಿ ಕಟ್ಟಿದವು. ಸೊಪ್ಪಿನಲ್ಲಿ, ಗೋಡೆಯ ಸಂದಿಯಲ್ಲಿ, ಒಂದಂತೂ ಮಗ ಬಿಚ್ಚಿಟ್ಟ ಅಂಗಿಯ ಜೇಬಿನಲ್ಲಿ. ಸಂಜೆ ಬಂದವರು ಹುಳದ ಮನೆಯ ಕಡೆ ನೋಡಲೇ ಇಲ್ಲ. "ಪಾಸು" ಎಂದರು. ಮಗ ಜೇಬಿನಿಂದ ಆ ಗೂಡನ್ನು ತೆಗೆದು ಅಪ್ಪನ ಕೈಗಿಟ್ಟ. ನಗುತ್ತಿದ್ದ!

ಆಮೇಲೆ ನಮ್ಮ ಜಗಲಿಯೇ ಮೋಟಾರ್ ಆಸ್ಪತ್ರೆಯಾಯಿತು. ಬೇಸಿಗೆಯಲ್ಲಿ ಕರೆಂಟಿನ ಆಟಕ್ಕೆ ಯಾರ ಬೋರ್‌ವೆಲ್ ಮೋಟಾರು ಸುಡುವುದಿಲ್ಲ ಹೇಳಿ? ಹುಡುಗಿ ಸುತ್ತಿದ ಮೋಟಾರು ನೀರೆತ್ತುತ್ತದೆಯೇ ಎಂದು ನಗುತ್ತಿದ್ದ ಮೇಲಿನ ಬೀದಿಯ ಮನುಷ್ಯನೊಬ್ಬ, ತನ್ನ ಮೋಟಾರನ್ನು ಯಾರಿಗೂ ಕಾಣದಂತೆ ಕಂಬಳಿ ಹೊದಿಸಿ ಗಾಡಿಯಲ್ಲಿ ತಂದ. ದಾರಿಯುದ್ದಕ್ಕೂ ಜನ, "ಯಾರಿಗ್ ಉಸಾರಿಲ್ಲ?" ಎಂದು ವಿಚಾರಿಸಿದರಂತೆ. ಕಳೆದ ಸಲ ಹುಳು ಪೂರ್ತಿ ಕೈಕೊಟ್ಟವು. ಆದರೂ ಆ ಭಾನುವಾರ ನಮ್ಮ ಮನೆಯಲ್ಲಿ ಕೋಳಿ ಸಾರು ಕುದಿಯಿತು. ಅದೆಲ್ಲ ಮಂಜುಳನ ಕೈಯದು.

ಇನ್ನು ನನ್ನ ಖುಷಿಯ ವಿಷಯ. ಬಿಡದಿ ಹತ್ತಿರ ಪಂಪು ಮಾಡುವ ಫ್ಯಾಕ್ಟರಿಯಲ್ಲಿ ನನ್ನ ಮೊಮ್ಮಗಳಿಗೆ ವೈಂಡಿಂಗ್ ಕೆಲಸ ಸಿಕ್ಕಿತು! ಹುಲ್ಲು ಕೀಳುವುದಲ್ಲ, ಗೇಟಿನ ಒಳಗೆ, ಬೆಂಚಿನ ಮುಂದೆ ನಿಂತು ಮಾಡುವ ಕೆಲಸ. ನಿನ್ನೆ ಮೊದಲನೇ ದಿನ. ಬಸ್ಸು ಬಂತು, ಅವಳು ಹತ್ತಿದಳು. ಹಿಂದೆಯೇ ಇವರೂ ಗೋಣಿಚೀಲ ಕಂಕುಳಲ್ಲಿ ಇಟ್ಟುಕೊಂಡು ಹತ್ತಿದರು.

"ತಾತ, ಇಳ್ಕೊ. ನಾನೊಬ್ಳೇ ಹೋಗ್ತೀನಿ."

ಇವರು ಮಗನ ಮುಖ ನೋಡಿದರು. ಮಗ ತಲೆ ಅಲ್ಲಾಡಿಸಿ, "ಓಗ್ತಾಳೆ ಬುಡಪ್ಪ" ಎಂದ. ಇಳಿದರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ನಿಂತೇ ಇದ್ದರಂತೆ.

ಮನೆಗೆ ಬಂದವರು ಹುಳದ ಮನೆಗೆ ಹೋಗಲಿಲ್ಲ. ಗೋಣಿಚೀಲ ಹಾಸಿ ಜಗಲಿಯ ಮೇಲೆ ಕೂತರು. ನಾನು ಸೊಪ್ಪು ಹೆಚ್ಚುತ್ತಿದ್ದೆ. "ಏನು, ಕೆಲ್ಸ ಹೋಯ್ತಾ?" ಎಂದು ಕೆಣಕಿದೆ. ಗೋಣಿಚೀಲದ ಅಂಚು ಸರಿಮಾಡಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು.

"ನೀನೂ ಏನಾರ ಕಲೀಬೇಕಾಗಿತ್ತು ಕಣೆ. ನಾನು ಬಂದು ಬಾಗ್ಲಾಗೆ ಕೂತ್ಕತಿದ್ದೆ."

ಕತ್ತಿ ನನ್ನ ಕೈಯಲ್ಲೇ ನಿಂತಿತು. "ನಾನೇನು ಕಲೀಬೇಕಾಗಿತ್ತು?" ಎಂದೆ.

"ಅದ ನೀನು ಹೇಳ್ಬೇಕು."

ನನ್ನನ್ನು ಯಾರೂ ಯಾವತ್ತೂ ಆ ಮಾತು ಕೇಳಿದವರಲ್ಲ. ಕೇಳುತ್ತಾರೆ ಎಂದು ಗೊತ್ತಿದ್ದರೆ ಒಂದು ಉತ್ತರ ಇಟ್ಟುಕೊಂಡಿರುತ್ತಿದ್ದೆ. ನಿನ್ನೆಯಿಂದ ಯೋಚನೆ ಮಾಡುತ್ತಲೇ ಇದ್ದೇನೆ. ಅವರು ಇವತ್ತು ಬೆಳಗ್ಗೆಯೇ ಬಂದು, ನಾನು ಇದನ್ನು ಬರೆಯುತ್ತಿರುವ ಕೋಣೆಯ ಬಾಗಿಲಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ.